ಮೂರನೇ ಮಗ್ಗದ ಕುಂಟುನಡೆ

ಮನುಷ್ಯರ ಜೊತೆ ಸಂಗೀತ ಮಾಡಿದ್ರೆ ಜಗಳ, ಯಂತ್ರದ ಜೊತೆ ಮಾಡಿದ್ರೆ ನೆಮ್ಮದಿ ಅಂತ ನಂಬಿ ಲ್ಯಾಪ್‌ಟಾಪ್ ಹೊತ್ತು ದೇಶ ದೇಶ ಸುತ್ತಿದವಳು ನಾನು. ಪ್ರತಿ ಸಲವೂ ಯಂತ್ರದ ಹಿಂದಿನಿಂದ ಒಬ್ಬ ಮನುಷ್ಯ ಇಣುಕಿಯೇ ಇಣುಕುತ್ತಾನೆ. ಈ ಆಲ್ಬಮ್ಮಿಗಂತೂ ಮೂವರು ಇಣುಕಿದರು.

ಮರ್ಯಾದೆ

ದೊಡ್ಡಬಳ್ಳಾಪುರದ ಒಂದು ಮನೆಯ ಹಿಂದೆ ನಾಲ್ಕು ಪವರ್‌ಲೂಮ್. ಮೂರನೆಯದು ಟಕಟಕ ಓಡ್ತಾ ಓಡ್ತಾ ನಡುವೆ ಒಮ್ಮೆ ಎಡವಿ, ಸಾವರಿಸಿಕೊಂಡು ಮತ್ತೆ ಓಡೋದು. ಆ ಎಡವಾಟಕ್ಕೆ ನಾನು ಸೋತೆ. ಇಡೀ ಆಲ್ಬಮ್ಮಿಗೆ ಇದೇ ತಾಳ ಅಂತ ನಿರ್ಧರಿಸಿ, "ಸೋಮವಾರ ಒಳ್ಳೆ ಮೈಕ್ ತರ್ತೀನಿ" ಅಂತ ಮಗ್ಗದ ಯಜಮಾನರಿಗೆ ಹೇಳಿ ಬಂದೆ.

ಸೋಮವಾರ ಹೋದರೆ ಮಗ್ಗ ನೀರು ಹರಿದ ಹಾಗೆ ಓಡುತ್ತಿದೆ! ಪಕ್ಕದಲ್ಲಿ ಪಕ್ಕದ ಬೀದಿಯ ಫಿಟ್ಟರ್, ಕೈತುಂಬಾ ಗ್ರೀಸು.

"ಹೊರಗಿನೋರು ಕೇಳೋ ಸದ್ದು ಮೇಡಂ, ಕುಂಟೋ ಮಗ್ಗ ಕೇಳಿಸೋಕಾಗುತ್ತಾ? ನಮ್ಗೂ ಮರ್ಯಾದೆ ಇಲ್ವಾ?" ಅಂದರು ಯಜಮಾನರು.

ಕೆಡಿಸುವ ಕಷ್ಟ

"ಅಣ್ಣಾ, ಮೊದಲಿನ ಹಾಗೇ ಕೆಡಿಸಿಕೊಡಿ" ಅಂತ ಫಿಟ್ಟರನ್ನು ಬೇಡಿಕೊಂಡೆ.

"ಊರಲ್ಲಿ ಯಾವ ಮಗ್ಗ ಕೆಮ್ಮಿದ್ರೂ ಇಂಥದ್ದೇ ಅಂತ ರಸ್ತೇಲಿ ನಿಂತೇ ಹೇಳ್ತೀನಿ. ನನ್ಗೇ ಕೆಡ್ಸು ಅಂತೀರಾ?" ಅಂತ ಗೊಣಗುತ್ತಲೇ ಸ್ಪ್ಯಾನರ್ ಎತ್ತಿದರು. ಒಂದು ಬೋಲ್ಟ್ ಸಡಿಲಿಸಿದರು, ಇನ್ನೂ ಚೆನ್ನಾಗಿ ಓಡಿತು. ಎರಡನೆಯದು ಸಡಿಲಿಸಿದರು, ನಾಲ್ಕನೇ ಮಗ್ಗಕ್ಕಿಂತ ಚೆನ್ನಾಗಿ ಓಡಿತು.

"ನೋಡಿ, ಕೈ ಒಪ್ತಾ ಇಲ್ಲ."

ಐವತ್ತರ ಮದುಮಗಳು

ತಾಳ ಹೋದರೆ ಹೋಗಲಿ, ಹಾಡಾದರೂ ಸಿಗಲಿ ಅಂತ ಯಜಮಾನರ ತಾಯಿಗೆ ಸೋಬಾನೆ ಪದ ಹಾಡಲು ಕೇಳಿದೆ.

"ಹೆಣ್ಣೇ ಕೂತಿಲ್ಲ, ಯಾರಿಗೆ ಹಾಡ್ಲವ್ವಾ? ಗೋಡೆಗಾ?"

ಕೊನೆಗೆ ಹೆಡ್‌ಫೋನ್ ಹಾಕಿಕೊಂಡೇ ಮಣೆ ಮೇಲೆ ಕೂತೆ. ಅರಿಶಿನ ಹಚ್ಚಿದರು, ಹೂ ಮುಡಿಸಿದರು, ಗಂಟೆಗಟ್ಟಲೆ ಹಾಡಿದರು. ನಿಜವಾಗಿ ಎರಡು ಸಲ ಹಸೆಮಣೆ ಏರಿ ಇಳಿದವಳು ನಾನು. ಆ ಎರಡರಲ್ಲೂ ಸೌಂಡ್ ಇಷ್ಟು ಚೆನ್ನಾಗಿರಲಿಲ್ಲ.

ಸಿಹಿ ಸುದ್ದಿ

ಹಾಡು ಸಿಕ್ಕಿತು, ಆದರೆ ಅದರ ಕೆಳಗೆ ಯಾವ ತಾಳ ಹಾಕಿದರೂ ಮದುವೆ ಬ್ಯಾಂಡ್‌ಸೆಟ್ ಥರ ಕೇಳುತ್ತಿತ್ತು. ಆಲ್ಬಮ್ಮನ್ನೇ ಕೈಬಿಡೋಣ ಅಂತಿದ್ದಾಗ ಒಂದು ಬೆಳಿಗ್ಗೆ ಯಜಮಾನರ ಫೋನು, ಪಿಸುಮಾತಲ್ಲಿ.

"ಮೇಡಂ, ಕೆಟ್ಟೋಯ್ತು! ತಾನಾಗೇ! ಫಿಟ್ಟರ್ ತೂಬಗೆರೆಗೆ ಹೋಗವ್ರೆ, ಅವ್ರು ಬರೋಷ್ಟ್ರಲ್ಲಿ ಬಂದ್ಬಿಡಿ!"

ನಾನು ಉಳಿದುಕೊಂಡಿದ್ದ ದೇವನಹಳ್ಳಿಯಿಂದ ಕ್ಯಾಬಲ್ಲಿ ಹಾರಿದೆ. "ಕೆಟ್ಟೋಯ್ತಂತೆ, ಬೇಗ ನಡೀಪ್ಪಾ" ಅಂತ ನಾನು ಹಿಗ್ಗುವುದನ್ನು ಡ್ರೈವರ್ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಕದ್ದು ಕದ್ದು ನೋಡುತ್ತಿದ್ದ.

ಮೊದಲ ವಿಮರ್ಶೆ

ಫಿಟ್ಟರ್ ಬರುವ ಮೊದಲೇ ಕುಂಟು ರೆಕಾರ್ಡ್ ಆಯಿತು, ಆಲ್ಬಂ ಮುಗಿಯಿತು. ಮೊದಲು ಆ ಮನೆಯವರೇ ಕೇಳಬೇಕು ಅಂತ ಮಗ್ಗಗಳನ್ನೆಲ್ಲ ನಿಲ್ಲಿಸಿ, ಮೂರನೇ ಮಗ್ಗದ ಮೇಲೆ ಬ್ಯಾಟರಿ ಸ್ಪೀಕರ್ ಇಟ್ಟೆ. ಅದರ ಕುಂಟನ್ನು ಯಜಮಾನರು ಆಗಲೇ ಫಿಟ್ಟರ್ ಕೈಲಿ ಸರಿಮಾಡಿಸಿದ್ದರು. ತಾಳ ಶುರುವಾಯಿತು: ಓಡಿತು, ಎಡವಿತು, ಸಾವರಿಸಿಕೊಂಡಿತು. ಸೋಬಾನೆ ಹಾಡಿದ ಅಜ್ಜಿ ತಲೆದೂಗಿದರು. ನನಗೆ ಜೀವ ಬಂತು.

ಅಷ್ಟರಲ್ಲಿ ಬಾಗಿಲು ದಬ್ಬಿಕೊಂಡು ಫಿಟ್ಟರ್, ಸ್ಪ್ಯಾನರ್ ಸಮೇತ.

"ಲೇ, ಮೂರನೇದು ಮತ್ತೆ ಕುಂಟ್ತಾ ಐತೆ, ರಸ್ತೆಗೇ ಕೇಳುಸ್ತದೆ! ನಿಲ್ಸೋ!"

ಯಾರ ಮಾತಿಗೂ ಕಾಯದೆ ಮೇನ್ ಸ್ವಿಚ್ ಎಳೆದೇಬಿಟ್ಟರು. ಲೈಟು ಹೋಯಿತು, ಫ್ಯಾನು ನಿಂತಿತು. ತಾಳ ಮಾತ್ರ ಕುಂಟುತ್ತಲೇ ಇತ್ತು.

ಫಿಟ್ಟರ್ ಅರೆಗತ್ತಲಲ್ಲಿ ಅಲುಗಾಡದ ಮಗ್ಗವನ್ನು ನೋಡಿದರು, ಸ್ವಿಚ್ ನೋಡಿದರು. ಸ್ಪ್ಯಾನರ್ ಕೆಳಗಿಟ್ಟು, ಮಗ್ಗಕ್ಕೆ ಕೈಮುಗಿದು ಮೆಲ್ಲಗೆ ಅಂದರು:

"ಅವತ್ತು ಕೆಡಿಸೋಕೆ ಹೋಗಿದ್ದು ತಪ್ಪಾಯ್ತು ತಾಯಿ. ಈ ಯಮ್ಮ ಹೇಳಿದ್ರು ಅಂತ ಮಾಡ್ದೆ."