ದೊರೆಗಳ ಗಾಳಕ್ಕೆ ನಾನು ದಾರ ಸುತ್ತಿದ್ದು

ಹಪ್ಪಳ ಒತ್ತುವ ದಿನ ನನ್ನನ್ನು ಯಾರೂ ಮಾತಾಡಿಸಬಾರದು. ಹಿಟ್ಟು ಕೈಗೆ ಅಂಟಿರುತ್ತದೆ, ಬಿಸಿಲು ಜಾರುತ್ತಿರುತ್ತದೆ, ಕಾಗೆ ಕಾದು ಕೂತಿರುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ‘ಹೂಂ’ ಅಂದುಬಿಡುತ್ತೇನೆ, ಆಮೇಲೆ ಅನುಭವಿಸುತ್ತೇನೆ. ಹಾಗೆ ನೋಡಿದರೆ ‘ಹೂಂ’ ಅನ್ನುವ ಕಾಯಿಲೆ ನನಗಿಂತ ನಮ್ಮವರಿಗೇ ಜಾಸ್ತಿ. ಅವರು ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಎಸ್ಟೇಟಿನ ಬಿಳಿ ದೊರೆಗಳು ಬಾಯಿ ತೆರೆದರೆ ಸಾಕು, ಇವರದು ‘ಎಸ್ ಸಾರ್’. ದೊರೆಗಳು ಹೇಳಿದ್ದೇನು ಅಂತ ಯೋಚಿಸುವುದು ಮನೆಗೆ ಬಂದ ಮೇಲೆ, ಅದೂ ನನ್ನ ಎದುರಿಗೆ ಕೂತು.

ಅವತ್ತು ಅಂಗಳದಲ್ಲಿ ಹಪ್ಪಳ ಹರವುತ್ತಿದ್ದಾಗ ಇವರು ಉದ್ದನೆಯ ಬಟ್ಟೆಚೀಲವೊಂದನ್ನು ಎರಡೂ ಕೈಯಲ್ಲಿ ಹೊತ್ತು, ದೇವರ ಉತ್ಸವಮೂರ್ತಿಯನ್ನು ತರುವವರ ಹಾಗೆ ಮೆಲ್ಲಗೆ ಬಂದರು. “ಇದೇನ್ರೀ?” ಅಂದೆ. “ಗಾಳದ ಕೋಲು ಮಾರಾಯ್ತಿ. ದೊರೆಗಳು ಬೆಳಗ್ಗೆ ಭದ್ರಾ ಹೊಳೆಗೆ ಮೀನು ಹಿಡಿಯೋಕೆ ಹೋಗ್ತಾರಂತೆ. ಹೊಸ ದಾರ ಬಂದಿದೆ, ರೀಲಿಗೆ ಸುತ್ತಿ ಸಿದ್ಧ ಮಾಡಿಡು ಅಂದ್ರು.” “ನಿಮಗೆ ಬರುತ್ತಾ?” “ಎಸ್ ಸಾರ್ ಅಂದುಬಿಟ್ಟೆ.” ಹುಟ್ಟಿದ ಮೇಲೆ ಇವರು ಗಾಳ ಮುಟ್ಟಿದವರಲ್ಲ. ನಮ್ಮ ಮನೆಯಲ್ಲಿ ಮೀನು ಕಂಡಿರುವುದು ಪಂಚಾಂಗದ ಮೀನರಾಶಿಯಲ್ಲಿ ಮಾತ್ರ. ಹೋಗಿ ಕೊಟ್ಟು ಬನ್ನಿ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅವರು, “ಗಾಳ ಸರಿಯಾದರೆ ರಜೆ ವಿಷಯ ನೋಡೋಣ ಅಂದಿದ್ದಾರೆ” ಅಂದರು. ನಾನು ಕೈ ತೊಳೆದುಕೊಂಡೆ.

ಆ ರಜೆಯ ಕತೆ ಹೇಳಬೇಕು. ಮಳೆಗಾಲದಲ್ಲಿ ಇವರಿಗೆ ಚಳಿಜ್ವರ ಬಂದು ಇನ್ನೇನು ಅನ್ನುವ ಹಾಗಾದಾಗ, ಗುಣವಾಗಲಿ, ನಾನು ಧಾರೆ ಸೀರೆ ಉಟ್ಟು, ಇಬ್ಬರೂ ಒಟ್ಟಿಗೆ ಕೂತು ಪೂಜೆ ಮಾಡಿಸುತ್ತೇವೆ ಅಂತ ಕಳಸದ ದೇವರಿಗೆ ಹರಕೆ ಹೊತ್ತಿದ್ದೆ. ದೇವರು ಅವನ ಪಾಲಿನ ಕೆಲಸ ಕೂಡಲೇ ಮಾಡಿದ. ನಮ್ಮ ಪಾಲಿನದು ಮಾತ್ರ ಹಣ್ಣು ಕೊಯ್ಲು, ಒಣಗಿಸೋದು, ಮೂಟೆ ಕಳಿಸೋದು ಅಂತ ರಜೆ ಸಿಗದೆ ಮುಂದೆ ಹೋಗುತ್ತಲೇ ಇತ್ತು. ದೀಪ ಹಚ್ಚುವಾಗೆಲ್ಲ ದೇವರ ಮುಖ ನೋಡಲು ನನಗೆ ನಾಚಿಕೆ.

ಗಾಳವನ್ನು ಒಳಗೆ ತರುವುದಕ್ಕೆ ನಮ್ಮತ್ತೆಯ ಅಪ್ಪಣೆ ಬೇಕಿತ್ತು. “ಮೀನಿನ ಸಾಮಾನು ಹೊಸಿಲು ದಾಟಬಾರದು” ಅಂದರು. “ಹೊಸಾದು ಅಮ್ಮಾ, ಇನ್ನೂ ಮೀನಿನ ಮುಖ ನೋಡಿಲ್ಲ. ದಾರ ಅಂತೂ ಅಪ್ಪಟ ರೇಷ್ಮೆ” ಅಂದರು ಇವರು. ರೇಷ್ಮೆ ಅಂದಮೇಲೆ ಮಡಿಯೇ ತಾನೆ! ಅತ್ತೆ ತೀರ್ಪು ಕೊಟ್ಟರು: ರೇಷ್ಮೆ ಒಳಗೆ ಬರಬಹುದು, ಕೋಲು ಜಗಲಿಯಲ್ಲಿರಲಿ, ಕೋಳಿಪುಕ್ಕ ಕಟ್ಟಿದ ಕೊಕ್ಕೆ ಮಾತ್ರ ಕೊಟ್ಟಿಗೆಗೆ.

ಡಬ್ಬಿಯಲ್ಲಿ ಮೂರು ಬಗೆ ಇತ್ತು. ನುಣ್ಣನೆಯ ರೇಷ್ಮೆ ಹುರಿ; ಬ್ಯಾಕಿಂಗ್ ಅನ್ನುವ ಒರಟು ನೂಲಿನ ದಾರ; ಕೊಕ್ಕೆಗೂ ಹುರಿಗೂ ನಡುವೆ ಕಟ್ಟುವ, ಲೀಡರು ಅನ್ನುವ ಕೂದಲಿನಂಥ ಬಿರುಸು ಎಳೆಗಳು. “ಎಲ್ಲರಿಗಿಂತ ಮುಂದೆ ಇರುತ್ತೆ, ಅದಕ್ಕೇ ಲೀಡರು” ಎಂದು ಇವರು ಒಂದನ್ನು ಗಂಟು ಹಾಕಲು ಬಗ್ಗಿಸಿದರು. ಪಟ್ಟನೆ ತುಂಡಾಯಿತು. ಇವರ ಮುಖ ಬಿಳುಚಿತು. ಸಂಜೆಯ ಮಲ್ಲಿಗೆ ಕಟ್ಟಲು ನೆನೆಹಾಕಿದ್ದ ಬಾಳೆನಾರು ಪಕ್ಕದಲ್ಲೇ ಇತ್ತು. ಉಳಿದ ಲೀಡರುಗಳನ್ನೂ ಅದೇ ಬೋಗುಣಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ನಾರಿನಷ್ಟೇ ಮೆತ್ತಗಾದವು. ದೇವರು ದೊಡ್ಡವನು ಅಂದುಕೊಂಡೆ. ನಾನೂ ಸಣ್ಣವಳೇನಲ್ಲ ಅಂತಲೂ ಅನ್ನಿಸಿತು. ಅಲ್ಲೇ ಎಡವಟ್ಟಾಗಿದ್ದು.

“ರೀಲಿಗೆ ಮೊದಲು ಯಾವುದು ಸುತ್ತೋದು?” ಅಂತ ಇವರು ಕೇಳಿದರು. ಕೇಳುವ ಮಾತೇ ಇದು? ನಮ್ಮ ಮನೆಗಳಲ್ಲಿ ಟ್ರಂಕು ತುಂಬುವಾಗ ರೇಷ್ಮೆಯ ಧಾರೆ ಸೀರೆ ಎಲ್ಲಕ್ಕಿಂತ ಅಡಿಗೆ, ನಿತ್ಯದ ನೂಲು ಸೀರೆ ಮೇಲೆ. ಕಣ್ಣು ಬೀಳುವುದಿದ್ದರೂ ಧೂಳು ಬೀಳುವುದಿದ್ದರೂ ಹಳೆಯದರ ಮೇಲೆ ಬೀಳಲಿ ಅಂತ. “ರೇಷ್ಮೆ ಅಡಿಗೆ ಹಾಕಿ, ಜೋಪಾನವಾಗಿರ್ಲಿ” ಅಂದೆ. ಇವರಿಗೂ ಅದೇ ಸರಿ ಕಂಡಿತು. ನಾನು ಹಿಡಿದೆ, ಇವರು ಸುತ್ತಿದರು. ಹುರಿಯ ತುದಿಗೆ ನೂಲು, ನೂಲಿನ ತುದಿಗೆ ಲೀಡರು. ಕಾಫಿ ಮೂಟೆಯ ಬಾಯಿಗೆ ಹಾಕುವ ಗಂಟು ಹಾಕಿ, ಕೋಲು ಜೋಡಿಸಿ ಜಗಲಿಯಲ್ಲಿ ಒರಗಿಸಿದರು. ನೋಡಿದರೆ ಕಣ್ಣು ತುಂಬುತ್ತಿತ್ತು. ಆಗಲೇ ನಾನು ಮನಸ್ಸಿನಲ್ಲಿ ಕಳಸದ ಗಾಡಿ ಹತ್ತಿ ಕೂತಿದ್ದೆ.

ಬೆಳಗ್ಗೆ ದೊರೆಗಳೇ ನಮ್ಮ ಬಾಗಿಲಿಗೆ ಬಂದರು. ನಾನು, ಅತ್ತೆ ಬಾಗಿಲ ಹಿಂದೆ. ಅವರು ಲೀಡರು ಹಿಡಿದು ಎಳೆದರು. ನೂಲು ಬಂತು. ಇನ್ನೂ ಎಳೆದರು. ಇನ್ನೂ ನೂಲು. ಅಂಗಳದ ತುದಿ ಮುಟ್ಟಿದರೂ ನೂಲೇ.

“ರೈಟರ್, ನನ್ನ ಸಿಲ್ಕ್ ಲೈನ್ ಎಲ್ಲಿ?”

“ಅಡಿಯಲ್ಲಿದೆ ಸಾರ್. ಜೋಪಾನವಾಗಿದೆ.”

“ಯಾಕೆ ಅಡಿಯಲ್ಲಿದೆ?”

“ಬೆಲೆಯದ್ದು ಸಾರ್.”

“ನೀರಿಗೆ ಎಸೀಬೇಕಾದ್ದೇ ಅದನ್ನ! ಈ ನೂಲು ದೊಡ್ಡ ಮೀನು ದಾರ ಎಳ್ಕೊಂಡು ದೂರ ಓಡಿದಾಗ ಮಾತ್ರ ಬೇಕಾಗೋದು. ಯಾರು ಹೇಳಿದ್ದು ನಿನಗೆ ಹೀಗೆ ಸುತ್ತು ಅಂತ?”

ಇವರ ತಲೆ ತಾನಾಗಿ ಬಾಗಿಲ ಕಡೆ ತಿರುಗಿತು. ಎಷ್ಟು ವರ್ಷ ಸಂಸಾರ ಮಾಡಿದರೇನು!

ಆಮೇಲೆ ಆ ದಾರವನ್ನೆಲ್ಲ ಬಿಚ್ಚಿ ಜಗಲಿಯ ಕಂಬಗಳಿಗೆ ಸುತ್ತು ಹಾಕಬೇಕಾಯಿತು. ದೊರೆಗಳು ಒಂದು ಕಂಬ, ಇವರು ಇನ್ನೊಂದು ಕಂಬ, ಪ್ರದಕ್ಷಿಣೆ ಹಾಕುವವರ ಹಾಗೆ. ನಮ್ಮತ್ತೆಗೆ ತಡೆಯಲಾಗಲಿಲ್ಲ. “ರೇಷ್ಮೆ ನೆಲಕ್ಕೆ ತಾಗಿಸ್ಬೇಡಿ ಅಂತ ಹೇಳೋ ಅವ್ರಿಗೆ!” ಅಂತ ಒಳಗಿಂದಲೇ ಕೂಗಿದರು. ಇವರು ಏನು ಹೇಳುವುದೋ ತಿಳಿಯದೆ “ಎಸ್ ಸಾರ್” ಅಂದರು. ಕನ್ನಡ ಬಲ್ಲ ದೊರೆಗಳು ತಕ್ಷಣ ಹುರಿಯನ್ನು ತಲೆಯ ಮೇಲೆ ಎತ್ತಿ ಹಿಡಿದರು! ಕೆಂಪಗಿದ್ದ ಮುಖದಲ್ಲಿ ನಗುವಿಗೆ ಮೀಸೆ ಅಲುಗಿದ್ದು ನನಗೆ ಬಾಗಿಲ ಸಂದಿಯಿಂದ ಕಂಡಿತು. ಆ ಮೀಸೆ ಅಲುಗಿಸಿದವನೂ ಆ ಕಳಸದವನೇ.

ನೂಲು ಅಡಿಗೆ ಹೋಗಿ, ರೇಷ್ಮೆ ಮೇಲೆ ಬಂದ ಮೇಲೆ ದೊರೆಗಳು ಕೋಲನ್ನು ಹೆಗಲಿಗೇರಿಸಿ ಹೇಳಿದರು: “ರೈಟರ್, ನಿನಗೆ ರಜೆ. ಇವತ್ತೇ ಹೊರಡು. ಹೆಂಡತೀನ ತಪ್ಪದೇ ಕರ್ಕೊಂಡು ಹೋಗು. ನಾನು ಮೀನು ಹಿಡಿದು ಮುಗಿಸೋ ತನಕ ಇಬ್ಬರೂ ಬರಬೇಡಿ.”

ಗಾಳ ಕಟ್ಟಿದ್ದಕ್ಕೆ ಸಿಗಬೇಕಾಗಿದ್ದ ರಜೆ, ಇನ್ನು ಕಟ್ಟದೇ ಇರಲಿ ಅಂತ ಸಿಕ್ಕಿತು. ದೇವರು ಯಾವ ದಾರಿಯಲ್ಲಿ ಕೊಟ್ಟರೂ ಕಣ್ಣಿಗೊತ್ತಿಕೊಳ್ಳಬೇಕು. ಉಳಿದ ಹಪ್ಪಳ ನೋಡಿಕೊಳ್ಳುತ್ತೇನೆ ಅಂತ ಅತ್ತೆ ಕೋಲು ಹಿಡಿದು ಕಾಗೆ ಓಡಿಸಲು ಕೂತರು. ನಾನು ಟ್ರಂಕು ತುಂಬಲು ಓಡಿದೆ. ತುಂಬಿ, ಅದುಮಿ, ಮುಚ್ಚಳದ ಮೇಲೆ ಕೂತು ಚಿಲಕ ಹಾಕುವಾಗ ಇವರು ಬಾಗಿಲಲ್ಲಿ ನಿಂತು ಬಲು ವಿನಯದಿಂದ ಕೇಳಿದರು: “ಅಲ್ವೇ, ಕಳಸದಲ್ಲಿ ಇಳಿದ ಕೂಡಲೇ ಉಡೋ ಸೀರೆ ಯಾವುದು?”

ನಾನು ಚಿಲಕ ತೆಗೆದು, ನೂಲು ಸೀರೆಗಳನ್ನೆಲ್ಲ ಚಾಪೆಯ ಮೇಲೆ ಹಾಕಿ, ಅಡಿಯ ಧಾರೆ ಸೀರೆ ಹೊರಗೆಳೆದು, ಮೊದಲಿನಿಂದ ಮಡಿಚತೊಡಗಿದೆ.