ಮಗನ ತೂಕ ಏರಿಸುವ ವಿಧಾನ

ಒಂದೂವರೆ ವರ್ಷದ ಮಗು ಇರುವ ಮನೆಯಲ್ಲಿ ನಗುವಂಥದ್ದು ದಿನಾ ನಡೆಯುತ್ತದೆ. ನಗಲು ಮಾತ್ರ ಪುರುಸೊತ್ತು ಇರುವುದಿಲ್ಲ. ನಾನು ರಸಾಯನಶಾಸ್ತ್ರ ಎಂ.ಎಸ್ಸಿ. ಮದ್ದೂರಿನ ಮನೆಯಲ್ಲೇ ಸಂಜೆ ಟ್ಯೂಷನ್ ಹೇಳುತ್ತೇನೆ. ಹೆಂಡತಿ ಬೆಳಿಗ್ಗೆ ಮಂಡ್ಯಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಹಗಲಿಡೀ ಮಗ ನನ್ನ ಪಾಲು.

ಹೋದ ತಿಂಗಳು ಅಂಗನವಾಡಿಯಲ್ಲಿ ತೂಗಿದಾಗ ಮಗನ ತೂಕ ಏರಿರಲಿಲ್ಲ. ಕೆರಗೋಡಿನಿಂದ ಬಂದಿದ್ದ ನಮ್ಮವ್ವ ಅಲ್ಲೇ ತೀರ್ಪು ಕೊಟ್ಟಳು: "ಗಂಡಸ್ರು ಮಗ ಸಾಕದು ಇಂಗೇ ಕಣ್ಲಾ. ಬರೋ ತಿಂಗ್ಳೂ ಏರ್ದೇ ಓದ್ರೆ ನಾನು ಊರ್ಗೆ ಎತ್ಕೊಂಡು ಓಯ್ತೀನಿ."

ಹೆಂಡತಿ ಆವತ್ತು ಮಗನನ್ನು ಕಂಕುಳಿಂದ ಇಳಿಸಲೇ ಇಲ್ಲ. ನನಗೆ ಒಂದು ತಿಂಗಳ ಗಡುವು.

ಟ್ರಾಕ್ಟರು

ರಾಗಿ ಸರಿ ಕಂಡರೆ ಮಗ ಬಾಯಿ ಮುಚ್ಚುತ್ತಾನೆ. ಹಾಡು, ಕಾಗೆ, ಕನ್ನಡಿ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿದೆ. ಕೊನೆಗೆ ತಿಳಿಯಿತು: ಕಬ್ಬು ತುಂಬಿದ ಟ್ರಾಕ್ಟರು ಕಂಡರೆ ಅವನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಚಮಚ ಒಳಗೆ ಹೋಗಬೇಕು. ದಿನಾ ಬಟ್ಟಲು ಹಿಡಿದು ರಸ್ತೆ ಬದಿ ನಿಲ್ಲತೊಡಗಿದೆ. ಟ್ರಾಕ್ಟರಿಗೊಂದು ತುತ್ತು.

ಒಂದು ದಿನ ಡ್ರೈವರೊಬ್ಬ ಟ್ರಾಕ್ಟರು ನಿಲ್ಲಿಸಿ ಇಳಿದು ಬಂದ.

"ಸಾ, ದಿನಾ ನೋಡ್ತಾವ್ನಿ. ನನ್ ಗಾಡಿ ಬಂದೇಟ್ಗೆ ಮುಂದಕ್ ಬತ್ತೀರಿ, ಕಬ್ಬನ್ನೇ ನೋಡ್ತೀರಿ. ಲೋಡು ಜಾಸ್ತಿ ಏನಿಲ್ಲ ಸಾ."

"ನಾನು ಚೆಕಿಂಗಿನವನಲ್ಲ. ಮಗನಿಗೆ ಉಣ್ಣಿಸ್ತಿದ್ದೀನಿ."

ಅವನು ಬಟ್ಟಲು ನೋಡಿದ, ಮಗನನ್ನು ನೋಡಿದ, ನನ್ನ ಇನ್‌ಷರ್ಟು ನೋಡಿದ. ನಂಬಲಿಲ್ಲ. "ಈಗ ಡ್ಯೂಟಿಗೆ ಮಗೀನೂ ಕರ್ಕಂಬತ್ತಾರಾ" ಎನ್ನುತ್ತ ಎರಡು ಜಲ್ಲೆ ಕಬ್ಬು ಎಳೆದು ನನ್ನ ಕೈಗಿಟ್ಟು ಬೇಗ ಹೊರಟುಹೋದ.

ಕಬ್ಬಿಗೆ ಮಗನ ಹಲ್ಲು ಸಾಲದು. ನಾನೇ ತಿಂದೆ. ಬಟ್ಟಲಲ್ಲಿ ಉಳಿದ ಸರಿಯನ್ನು ಚೆಲ್ಲಲು ಮನಸ್ಸು ಬರಲಿಲ್ಲ.

ಅವರೆಕಾಳು

ಮಗುವಿನ ಬೆರಳಿಗೆ ಕೆಲಸ ಕೊಡಬೇಕು ಎಂದು ಎಲ್ಲೋ ಓದಿದ್ದೆ. ಎದುರು ಮನೆಯ ಅಕ್ಕ ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದರು. ಒಂದು ಬಟ್ಟಲು ಕೇಳಿ ತಂದೆ. ಹಿದುಕಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುತ್ತದೆ. ಮಗ ಕೇಕೆ ಹಾಕಿದ. ಬೇಳೆ ಈ ಬಟ್ಟಲಿಗೆ, ಸಿಪ್ಪೆ ಆ ಬಟ್ಟಲಿಗೆ ಎಂದು ತೋರಿಸಿಕೊಟ್ಟೆ. ಅವನು ಎರಡನ್ನೂ ನನ್ನ ಬನಿಯನ್ನಿನೊಳಗೆ ಹಾಕಿದ. ಎಲ್ಲ ಕೊಡವಿ, ಹಿದುಕಿ, ಆರಿಸಿ, ತೊಳೆದು ವಾಪಸು ಕೊಡುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು.

"ಒಂದು ಸಿಪ್ಪೇನೂ ಇಲ್ವಲ್ಲಪ್ಪ. ಮಗ ಬಾಳ ಚುರುಕು" ಎಂದರು ಅಕ್ಕ. ಸಂಜೆ ದೊಡ್ಡ ಬಟ್ಟಲು ತುಂಬ ಸಾರು ಕಳಿಸಿದರು. ಮಗನಿಗೆ ಖಾರ. ನಾನು ಮುದ್ದೆ ಮಾಡಿಕೊಂಡೆ.

ಮಾರನೇ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮುಂದೆ ಮೂರು ಪಾತ್ರೆ ಕಾಳು.

"ಅಕ್ಕಪಕ್ಕದೋರ್ದೂ ಅದೆ" ಎಂದರು ಅಕ್ಕ. "ಮಗೀಗೆ ಬೇಜಾರಾಗ್ಬಾರ್ದಲ್ಲ."

ಬಸ್ಸು

ನಿದ್ದೆ ಸರಿಯಾದರೆ ಹಸಿವು ತಾನಾಗಿ ಬರುತ್ತದೆ ಎಂಬುದು ನನ್ನ ಮುಂದಿನ ಊಹೆ. ಮಗ ಮಲಗುವುದು ಬಸ್ಸಿನಲ್ಲಿ ಮಾತ್ರ. ಒಂದು ಮಧ್ಯಾಹ್ನ ಬೆಸಗರಹಳ್ಳಿ ಬಸ್ಸು ಹತ್ತಿದೆ.

"ಬೆಸಗರಳ್ಳೀಲಿ ಯಾರವ್ರೆ?" ಟಿಕೆಟು ಹರಿಯುತ್ತ ಕಂಡಕ್ಟರು ಕೇಳಿದರು.

"ಯಾರೂ ಇಲ್ಲ. ಮಗ ಮಲಗಬೇಕು."

"ಯಾಕೆ, ಮನೇಲಿ ಚಾಪೆ ಇಲ್ವಾ?"

ಬಸ್ಸು ಊರು ದಾಟಿತು. ಗಾಳಿ ಹಿತವಾಗಿತ್ತು. ಕಣ್ಣು ಬಿಟ್ಟಾಗ ಬಸ್ಸು ಗದ್ದೆಗಳ ನಡುವೆ ನಿಂತಿತ್ತು, ನನ್ನ ತೊಡೆ ಖಾಲಿ. ತಟ್ಟನೆ ಎದ್ದು ನಿಂತೆ. ತಿರುಗಿ ನೋಡಿದರೆ ಮಗ ಕಂಡಕ್ಟರ ತೊಡೆಯ ಮೇಲೆ ಕೂತು ಸೀಟಿ ಊದುತ್ತಿದ್ದ. ಅವನು ಊದಿದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು.

"ಇಳಿಯೋರು ಯಾರ್ಲಾ ಅಲ್ಲಿ?" ಡ್ರೈವರು ಕೂಗಿದರು. "ಗದ್ದೆಗೊಂದು ಸ್ಟಾಪು ಮಡಗಿದ್ದೀಯಲ್ಲ."

ಕಂಡಕ್ಟರು ಮಗನನ್ನು ನನ್ನ ಕೈಗೆ ಕೊಟ್ಟರು. "ಟಿಕೆಟು ವಸೂಲಾಯ್ತು ಬುಡಿ. ಒಬ್ರಾದ್ರೂ ಮಲಗಿದ್ರಲ್ಲ."

ತೂಕ

ಗಡುವಿನ ದಿನ ಅವ್ವ ಮೊದಲ ಬಸ್ಸಿಗೇ ಬಂದಳು. ಕೈಯಲ್ಲಿ ಮಗನ ಬಟ್ಟೆಗೆಂದು ಖಾಲಿ ಬ್ಯಾಗು. ಹೆಂಡತಿ ರಜೆ ಹಾಕಿದ್ದಳು. ಅಂಗನವಾಡಿ ಮುಟ್ಟುವವರೆಗೆ ಮಗನನ್ನು ತಾನೇ ಎತ್ತಿಕೊಂಡಿದ್ದಳು.

ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಮಗ ಚೀರುತ್ತಾನೆ. ಹೋದ ಸಲದ ಹಾಗೇ ನಾನು ಅವನನ್ನು ಎತ್ತಿಕೊಂಡು ಹತ್ತಿದೆ. ಟೀಚರ್ ಹೋದ ಸಲ ಬರೆದಿಟ್ಟಿದ್ದ ನನ್ನ ತೂಕವನ್ನೇ ಕಳೆದು, ಅಂಕಿ ನೋಡಿ ಕಣ್ಣರಳಿಸಿದರು.

"ಹೋದ ಸಲಕ್ಕಿಂತ ನಾಲ್ಕು ಕೆ.ಜಿ. ಜಾಸ್ತಿ ಇದೆ."

ಅವ್ವ ಬ್ಯಾಗು ಮಡಚತೊಡಗಿದಳು. ಹೆಂಡತಿಯ ಮುಖ ಅರಳಿತು. ಹಿಂದೆ ಸಾಲು ಉದ್ದವಿತ್ತು. ಅಲ್ಲಿಗೆ ಇಳಿದು ಮನೆಗೆ ಹೋಗಬಹುದಿತ್ತು. ಆದರೆ ಕಲಿತ ವಿದ್ಯೆ ಬಿಡಬೇಕಲ್ಲ.

"ಟೀಚರ್, ಇದರಲ್ಲಿ ನನ್ನ ಈಗಿನ ತೂಕ ನೋಡಿ ಕಳೀಬೇಕು" ಎಂದೆ.

ಮಗನನ್ನು ಹೆಂಡತಿಗೆ ಕೊಟ್ಟು ಒಬ್ಬನೇ ನಿಂತೆ. ಟೀಚರ್ ಕಳೆದರು. ಇನ್ನೊಮ್ಮೆ ಕಳೆದು ನೋಡಿದರು.

"ಮಗೂದು ಕಾಲು ಕೆ.ಜಿ. ಏರಿದೆ. ಈ ವಯಸ್ಸಿಗೆ ಅಷ್ಟು ಸಾಕು, ಚೆನ್ನಾಗಿದೆ. ಮಿಕ್ಕಿದ್ದು..." ನನ್ನ ಹೊಟ್ಟೆಯ ಕಡೆ ನೋಡಿದರು.

ಅವ್ವ ನಿಧಾನವಾಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲಾ ಕಣ್ಲಾ, ರಾಗಿ ಸರಿ ಕಾಯ್ಸಿದ್ದು ಮಗೀಗಾ, ನಿಂಗಾ?"

"ಚೆಲ್ಲಬಾರದು ಅಂತ..."

ಅವ್ವ ಮಡಚಿದ ಬ್ಯಾಗನ್ನು ಬಿಚ್ಚಿ ಸೊಸೆಯ ಕೈಗೆ ಕೊಟ್ಟಳು. "ಮಗ ಇಲ್ಲೇ ಇರ್ಲಿ ಕಣಮ್ಮ. ಇವನ ಬಟ್ಟೆ ತುಂಬ್ಕೊಡು. ಗದ್ದೇಲಿ ಕಳೆ ಬಾಳ ಅದೆ. ಇಳಿಸಿ ಕಳಿಸ್ತೀನಿ."

ಹೆಂಡತಿ ನನ್ನ ಕಡೆ ನೋಡದೆ ಜಿಪ್ಪು ಎಳೆದು ಬ್ಯಾಗಿನ ಅಗಲ ನೋಡಿದಳು. "ಇದು ಸಾಲಲ್ಲ ಅತ್ತೆ" ಎಂದಳು.