ಸಿಂಗಳೀಕದ ಬಾಲ, ಹಲಸಿನ ಅಂಟು

ಕಾನ್ವೆಂಟಿನಲ್ಲಿ ಹತ್ತು ವರ್ಷ ಅಕ್ಷರ ತಿದ್ದಿ ಕಲಿತ ನನಗೆ ಒಂದು ಚಾರ್ಟ್ ಯಾವ ಮಹಾ! ಆರನೇ ಕ್ಲಾಸಿನ ಮಗಳು ಅನುವಿಗೆ ಶಾಲೆಯಲ್ಲಿ ಕೊಟ್ಟ ಕೆಲಸ ಇಷ್ಟೇ: ಒಂದು ಜಾತಿಯ ಕೋತಿಯನ್ನೂ ಒಂದು ಜಾತಿಯ ಮರವನ್ನೂ ಹೋಲಿಸುವುದು. ಷರತ್ತೂ ಒಂದೇ. ಅಮ್ಮಂದಿರ ಕೈಬರಹ ಕಂಡರೆ ಸೊನ್ನೆ!

ಆದರೆ ಅನು ಬರೆದ ಸಿಂಗಳೀಕ ಕನ್ನಡಕ ಹಾಕಿದ ಬೆಕ್ಕಿನಂತಿತ್ತು. ಹಲಸಿನ ಮರವೋ, ಕೊಡೆ. ನನ್ನ ಕೈ ಸುಮ್ಮನಿರಲಿಲ್ಲ, ಎರಡನ್ನೂ ಅಳಿಸಿ ನಾನೇ ಬರೆಯಲು ಕೂತೆ.

"ಅಮ್ಮೇ, ವೇಂಡ!" ಬೇಡವೆಂದು ಇಲ್ಲಿನ ಶಾಲೆಯಲ್ಲಿ ಕಲಿತ ಮಲಯಾಳದಲ್ಲಿ ಬೇಡಿಕೊಂಡಳು. "ಟೀಚರ್‌ಗೆ ಗೊತ್ತಾಗುತ್ತೆ."

"ಗೊತ್ತಾಗಲ್ಲ ಪುಟ್ಟಾ, ಎಡಗೈಲಿ ಬರೀತೀನಿ."

ಎಡಗೈಯಲ್ಲೂ ಅಕ್ಷರ ಮುತ್ತಿನಂತೆ ಬಂತು. ಸಿಕ್ಕಿಬೀಳುತ್ತೇವೇನೋ ಎಂದು ನನಗೇ ಭಯವಾಯಿತು!

ಹೋಲಿಕೆಯ ಪಟ್ಟಿಯಲ್ಲಿ ಯಾವ ಮನೆಯನ್ನೂ ಖಾಲಿ ಬಿಡಬಾರದೆಂಬುದು ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಶಿಸ್ತು. 'ಸಂಚಾರ' ಎಂಬಲ್ಲಿ, ಕೋತಿ ಕೊಂಬೆಯಿಂದ ಕೊಂಬೆಗೆ. ಮರ, ಗಾಳಿ ಬೀಸಿದಾಗ ಮಾತ್ರ. 'ಬಾಲ' ಎಂಬಲ್ಲಿ, ಸಿಂಗಳೀಕಕ್ಕೆ ಸಿಂಹದಂಥದು, ಹಲಸಿಗೆ, ಸದ್ಯಕ್ಕಿಲ್ಲ.

ರಾಕೆಟ್ ಕೇಂದ್ರದ ಇಂಜಿನಿಯರಾದ ನಮ್ಮವರು ಇಣುಕಿದರು. "ಸದ್ಯಕ್ಕಿಲ್ವಾ? ಮುಂದೆ ಬರುತ್ತಾ?"

"ರೀ, ನೀವು ನಿಮ್ಮ ರಾಕೆಟ್ ನೋಡ್ಕೊಳ್ಳಿ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಚಾಲೈ ಮಾರುಕಟ್ಟೆಯಿಂದ ತಂದ ಎಳೆ ಹಲಸಿನಕಾಯಿ ಅಡುಗೆಮನೆಯಲ್ಲೇ ಇತ್ತಲ್ಲ! ತೆಳುವಾದ ಬಿಲ್ಲೆ ಕತ್ತರಿಸಿ, ಮರದ ಚಿತ್ರದ ಮೇಲೆ ಅದರದೇ ಅಂಟಿನಿಂದ ಅಂಟಿಸಿದೆ. ಗೋಂದಿನ ಖರ್ಚೂ ಇಲ್ಲ. ಚಾರ್ಟನ್ನು ನಡುವೆ ಮಡಚಿ, ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ.

ಮರುದಿನ ಶಾಲೆಗೆ ತಾಯಂದಿರಿಗೂ ಕರೆಯಿತ್ತು. ಟೀಚರ್ ಚಾರ್ಟ್ ಬಿಚ್ಚಲು ನೋಡಿದರು. ಅದು ಬಿಚ್ಚಿಕೊಳ್ಳಲಿಲ್ಲ. ಎಳೆದರು.

ಚರ್ರ್!

ಸಿಂಗಳೀಕದ ಮುಖ ಕಿತ್ತು ಹಲಸಿಗೆ ಅಂಟಿಕೊಂಡಿತು. ಕೋತಿಯ ಪಾಲಿಗೆ ಬಾಲವೊಂದೇ ಉಳಿಯಿತು. ನಾನು ಕಿಟಕಿಯ ಹೊರಗಿನ ತೆಂಗಿನ ಗರಿಗಳನ್ನು ಎಣಿಸತೊಡಗಿದೆ.

"ಸಿಂಗಳೀಕ ಮರ ಬಿಟ್ಟು ಇಳಿಯೋದೇ ಕಮ್ಮಿ, ಟೀಚರ್," ಎಂದಳು ಅನು, ಮಲಯಾಳದಲ್ಲಿ, ರೆಪ್ಪೆ ಮಿಟುಕಿಸದೆ.

ಟೀಚರ್ ನಕ್ಕು ಪೂರ್ತಿ ಅಂಕ ಕೊಟ್ಟರು. ಆಮೇಲೆ ನನ್ನತ್ತ ತಿರುಗಿದರು. "ಅನುವಿನ ಅಮ್ಮಾ, ಇಡೀ ಕ್ಲಾಸಿನಲ್ಲಿ ಮಗು ತಾನೇ ಮಾಡಿದ ಚಾರ್ಟ್ ಇದೊಂದೇ. ಈ ಚಿತ್ರ, ಈ ಅಕ್ಷರ ದೊಡ್ಡವರದಾಗಿರಲು ಸಾಧ್ಯವೇ ಇಲ್ಲ! ದಿನಕ್ಕೊಂದು ಪುಟ ಕಾಪಿ ಬರೆಸಿ, ಸರಿಹೋಗುತ್ತದೆ."

ಚಿತ್ರವೂ ನನ್ನದೇ ಎಂದು ಹೇಳುವಂತಿಲ್ಲ. ಹೇಳಿದರೆ ಸೊನ್ನೆ!

ಈಗ ದಿನವೂ ಒಂದು ಪುಟ ಕಾಪಿ ನಡೆದಿದೆ. ಬರೆಯುವವಳು ನಾನು. ಎದುರಿಗೆ ಕೆಂಪು ಪೆನ್ನು ಹಿಡಿದು ಕೂತವಳು ಅನು.